ಹೊಸ ಮೋಟಾರಿನ ಹಳೆಯ ದೂರು

ನಮ್ಮ ಕಡೆ ಹೊಸ ಮೋಟಾರನ್ನು ಕೊಂಡವರು ಅದನ್ನು ಮೊದಲು ದೇವಸ್ಥಾನದ ಮುಂದೆ ತಂದು ನಿಲ್ಲಿಸುವರು. ಅರ್ಚಕರು ಬಾನೆಟ್ಟಿನ ಮೇಲೆ ಕುಂಕುಮದಿಂದ ಸ್ವಸ್ತಿಕವನ್ನು ಬರೆದು, ಹೂಮಾಲೆಯನ್ನು ಹಾಕಿ, ನಾಲ್ಕು ಗಾಲಿಗಳ ಅಡಿಯಲ್ಲಿ ನಾಲ್ಕು ನಿಂಬೆಹಣ್ಣುಗಳನ್ನು ಇರಿಸುವರು. ಗಾಡಿಯನ್ನು ಮುಂದಕ್ಕೆ ನಡೆಸಿ ಅವನ್ನು ಜಜ್ಜಿದರೆ ದೃಷ್ಟಿ ಕಳೆಯಿತೆಂದು ನಂಬಿಕೆ. ಸೋಜಿಗವೆಂದರೆ, ಇದೇ ನಿಂಬೆಹಣ್ಣಿನ ಹೆಸರು ಅಮೆರಿಕ ದೇಶದಲ್ಲಿ ಮೋಟಾರಿನ ಮಟ್ಟಿಗೆ ಬೈಗುಳವಾಗಿದೆ. ಹೊಸದಾಗಿ ಕೊಂಡರೂ ಪದೇ ಪದೇ ಕೆಟ್ಟು ನಿಲ್ಲುವ ಗಾಡಿಯನ್ನು ಅಲ್ಲಿನ ಜನರು 'ಲೆಮನ್' ಎಂದು ಕರೆಯುತ್ತಾರೆ. 1982ರಲ್ಲಿ ಕನೆಕ್ಟಿಕಟ್ ಎಂಬ ರಾಜ್ಯವು ಇಂತಹ ಗಾಡಿಗಳನ್ನು ಕುರಿತೇ ಒಂದು ಶಾಸನವನ್ನು ಮಾಡಿತು. ಮುಂದೆ ಆ ದೇಶದ ಇತರ ರಾಜ್ಯಗಳೂ ಅದೇ ಹಾದಿ ಹಿಡಿದವು. ಕೊಂಡ ಆರಂಭದ ಅವಧಿಯಲ್ಲಿ ಒಂದೇ ದೋಷವು ನಾಲ್ಕು ಸಲದ ರಿಪೇರಿಗೂ ವಾಸಿಯಾಗದಿದ್ದರೆ, ಅಥವಾ ಗಾಡಿಯು ಒಟ್ಟು ಮೂವತ್ತು ದಿನ ಗ್ಯಾರೇಜಿನಲ್ಲಿಯೇ ನಿಂತಿದ್ದರೆ, ತಯಾರಕನು ಬೇರೆ ಗಾಡಿಯನ್ನು ಕೊಡಬೇಕು, ಇಲ್ಲವೆ ಹಣವನ್ನು ಹಿಂದಿರುಗಿಸಬೇಕು ಎಂಬುದು ಅದರ ಸಾರ.

ನಮ್ಮ ದೇಶದಲ್ಲಿ ಮೋಟಾರಿಗೆಂದೇ ಮಾಡಿದ ಅಂತಹ ಪ್ರತ್ಯೇಕ ಶಾಸನವಿಲ್ಲ. ಇರುವ ಗ್ರಾಹಕ ಶಾಸನದ ವಿಷಯವನ್ನು ಮುಂದೆ ಹೇಳುವೆವು. ಅದಕ್ಕೂ ಮೊದಲು, 'ಮೋಟಾರಿನ ವಿಚಾರ ನಮಗೇಕೆ?' ಎಂದು ಕೇಳುವ ವಿದ್ಯಾರ್ಥಿಗಳಿಗೆ ಒಂದು ಮಾತು. ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಅನೇಕರ ಮನೆತನಗಳು ಕಲಬುರಗಿ, ಬೀದರ, ಯಾದಗಿರಿ, ರಾಯಚೂರು ಕಡೆಯವು. ಆ ನಾಡೆಲ್ಲವೂ 1956ರವರೆಗೆ ಹೈದರಾಬಾದು ರಾಜ್ಯದಲ್ಲಿಯೇ ಇದ್ದುದರಿಂದ ಹೊಟ್ಟೆಪಾಡಿಗಾಗಿ ಈ ಪಟ್ಟಣಕ್ಕೆ ಬರುವ ರೂಢಿಯು ಅಜ್ಜಂದಿರ ಕಾಲದ್ದು. ನಾವೂ ಹಾಗೆಯೇ ಬಂದವರು. ಈಗ ಬರುವವರಲ್ಲಿ ಹಲವರು ಆಟೋ ಅಥವಾ ಟ್ಯಾಕ್ಸಿಯ ಸ್ಟೀರಿಂಗು ಹಿಡಿಯುತ್ತಾರೆ. ಸಾಲ ಮಾಡಿ ಗಾಡಿಯನ್ನು ಕೊಂಡು ಬಾಡಿಗೆಗೆ ಓಡಿಸುವವರ ಮನೆಯಲ್ಲಿ ಗಾಡಿ ಕೆಟ್ಟ ದಿನ ಅಂದಿನ ಗಳಿಕೆಯೂ ನಿಂತಿತು. ಸಾಲದ ಕಂತಿನ ದಿನ ಮಾತ್ರ ಯಾವ ಗ್ಯಾರೇಜಿನಲ್ಲಿಯೂ ನಿಲ್ಲುವುದಿಲ್ಲ.

ಹೊಸ ವಸ್ತುವು ಕೆಡುವುದೇಕೆ? ಇದಕ್ಕೆ ಲೆಕ್ಕದ ಪುಸ್ತಕದಲ್ಲಿಯೇ ಉತ್ತರವುಂಟು. ತಿರುಪು, ಮೊಳೆಗಳನ್ನೂ ಸೇರಿಸಿ ಎಣಿಸಿದರೆ ಒಂದು ಕಾರಿನಲ್ಲಿ ಸುಮಾರು 30,000 ಬಿಡಿಭಾಗಗಳಿರುತ್ತವೆ. ಪ್ರತಿ ಹತ್ತು ಸಾವಿರ ಭಾಗಗಳಲ್ಲಿ 9,999 ನಿರ್ದೋಷವಾಗಿವೆ, ಒಂದು ಮಾತ್ರ ಸದೋಷವಾಗಿದೆ ಎಂದು ಭಾವಿಸಿರಿ. ನಿಮ್ಮಲ್ಲಿ ಯಾರಾದರೂ ಪರೀಕ್ಷೆಯಲ್ಲಿ ಇಷ್ಟು ಅಂಕಗಳನ್ನು ಪಡೆದರೆ ನಾವು ಊರಿಗೆಲ್ಲ ಸಿಹಿ ಹಂಚುವೆವು. ಆದರೂ ಆ ಲೆಕ್ಕದಂತೆ ಕಾರೊಂದಕ್ಕೆ ಮೂರು ಸದೋಷ ಭಾಗಗಳು ಬಂದವು. ಆ ಮೂರು ಆಸನದ ಬಟ್ಟೆಯಲ್ಲಿದ್ದರೆ ಚಿಂತೆಯಿಲ್ಲ. ಬ್ರೇಕಿನಲ್ಲಿ ಅಥವಾ ಎಂಜಿನಿನಲ್ಲಿ ಇದ್ದರೆ ಸಂಕಟ. ಕಾರಖಾನೆಯ ಪರೀಕ್ಷೆಗಳು ಇವುಗಳಲ್ಲಿ ಹೆಚ್ಚಿನವನ್ನು ಹಿಡಿಯುತ್ತವೆ. ಹಿಡಿಯಲಾಗದೆ ಉಳಿದವು ಮೊದಲ ಕೆಲವು ತಿಂಗಳುಗಳಲ್ಲಿ ರಸ್ತೆಯ ಮೇಲೆ ಬಯಲಾಗುತ್ತವೆ.

ಯಂತ್ರಶಾಸ್ತ್ರಜ್ಞರು ಇದನ್ನು ಒಂದು ರೇಖಾಚಿತ್ರದಿಂದ ತೋರಿಸುವರು. ಅಡ್ಡಗೆರೆಯ ಮೇಲೆ ಯಂತ್ರದ ವಯಸ್ಸನ್ನೂ ಉದ್ದಗೆರೆಯ ಮೇಲೆ ಅದು ಕೆಡುವ ಪ್ರಮಾಣವನ್ನೂ ಗುರುತಿಸಿದರೆ, ರೇಖೆಯು ಮೊದಲು ಎತ್ತರದಲ್ಲಿದ್ದು, ಬೇಗನೆ ಇಳಿದು, ಬಹುಕಾಲ ಸಮವಾಗಿ ಸಾಗಿ, ವೃದ್ಧಾಪ್ಯದಲ್ಲಿ ಮತ್ತೆ ಏರುತ್ತದೆ. ಸ್ನಾನದ ತೊಟ್ಟಿಯನ್ನು ಪಕ್ಕದಿಂದ ನೋಡಿದಂತೆ ಕಾಣುವುದರಿಂದ ಅದಕ್ಕೆ ತೊಟ್ಟಿಯ ರೇಖೆ ಎಂದು ಹೆಸರು. ಎಳೆಯ ಕೂಸಿಗೂ ಮುದುಕರಿಗೂ ಕಾಯಿಲೆ ಹೆಚ್ಚು, ನಡುವಯಸ್ಸಿನವರಿಗೆ ಕಡಿಮೆ ಎಂಬುದನ್ನು ನಿಮ್ಮ ಅಜ್ಜಿಯರು ರೇಖೆಯಿಲ್ಲದೆಯೇ ಬಲ್ಲರು. ಆದಕಾರಣ ಹೊಸ ಗಾಡಿಯೊಂದು ಒಮ್ಮೆ ಕೆಟ್ಟಿತೆಂದು ಗಾಬರಿಯಾಗತಕ್ಕದ್ದಿಲ್ಲ. ಸರಿಪಡಿಸಿದ ಮೇಲೆ ಅದೇ ದೋಷವು ಎರಡನೆಯ ಸಲ, ಮೂರನೆಯ ಸಲ ಮರಳಿ ಬಂದರೆ ವಿಷಯವೇ ಬೇರೆಯಾಯಿತು. ಆಗ ರಿಪೇರಿಯು ದೋಷದ ಮೂಲವನ್ನು ಮುಟ್ಟಿಲ್ಲವೆಂದು ಅರ್ಥ.

ಹಿಂದಿನ ಗಾಡಿಗಳಲ್ಲಿ ಮೂಲವನ್ನು ಮುಟ್ಟುವುದು ಇಷ್ಟು ಕಷ್ಟವಾಗಿರಲಿಲ್ಲ. ಚೌಮಹಲ್ಲಾ ಅರಮನೆಯಲ್ಲಿ ಇರಿಸಿರುವ, ನಿಜಾಮರಿಗಾಗಿ 1912ರಲ್ಲಿ ಸಿದ್ಧವಾದ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಗಾಡಿಯನ್ನು ನೀವು ನೋಡಿರಬಹುದು. 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಕಾರನ್ನು ನಿಮ್ಮ ತಂದೆಯವರು ಬಲ್ಲರು. ಅಂಬಾಸಿಡರಿನ ಚಾಲಕನೆಂದರೆ ಅರ್ಧ ಮೆಕ್ಯಾನಿಕನೇ ಸರಿ. ಬಾನೆಟ್ಟನ್ನೆತ್ತಿ ಒಂದು ಸ್ಪ್ಯಾನರಿನಿಂದಲೂ ಒಂದು ಚಿಂದಿ ಬಟ್ಟೆಯಿಂದಲೂ ಅರ್ಧ ರೋಗಗಳನ್ನು ವಾಸಿ ಮಾಡುತ್ತಿದ್ದನು. ಈಗಿನ ಗಾಡಿಯಲ್ಲಿ ಅಲ್ಲಲ್ಲಿ ಸೆನ್ಸರುಗಳಿದ್ದು ಒಂದು ಪುಟ್ಟ ಕಂಪ್ಯೂಟರಿಗೆ ವರದಿ ಮಾಡುತ್ತವೆ. ಯಾವುದಾದರೂ ಅಳತೆ ತಪ್ಪಿದರೆ ಕಂಪ್ಯೂಟರು ಒಂದು ಸಂಕೇತವನ್ನು ಬರೆದಿಟ್ಟು ಡ್ಯಾಶ್‌ಬೋರ್ಡಿನಲ್ಲಿ ದೀಪವನ್ನು ಹೊತ್ತಿಸುತ್ತದೆ. ಗ್ಯಾರೇಜಿನಲ್ಲಿ ಯಂತ್ರವನ್ನು ಜೋಡಿಸಿ ಆ ಸಂಕೇತವನ್ನು ಓದುವರು. ಇದು ದೊಡ್ಡ ಅನುಕೂಲವೇ. ಆದರೆ ಆ ಸಂಕೇತವು ನೋವು ಎಲ್ಲಿದೆಯೆಂದು ಹೇಳುತ್ತದೆಯೇ ಹೊರತು ರೋಗ ಯಾವುದೆಂದು ಹೇಳುವುದಿಲ್ಲ. ತಲೆ ನೋಯುತ್ತದೆಯೆಂದು ಬಂದವನಿಗೆ ವೈದ್ಯನು ತಲೆಯನ್ನೇ ಬದಲಿಸುವುದುಂಟೇ? ಗ್ಯಾರೇಜುಗಳಲ್ಲಿ ಅಂತಹ ಚಿಕಿತ್ಸೆಯು ಎಷ್ಟೋ ಸಲ ನಡೆಯುತ್ತದೆ.

ಒಂದು ಉದಾಹರಣೆಯನ್ನು ಬಿಡಿಸಿ ನೋಡಿರಿ. ಒಂದು ಕಾರು ಪ್ರತಿ ಸೋಮವಾರ ಬೆಳಿಗ್ಗೆ ಚಾಲೂ ಆಗುವುದಿಲ್ಲ. ಮಂಗಳವಾರದಿಂದ ಶನಿವಾರದವರೆಗೆ ಏನೂ ತೊಂದರೆಯಿಲ್ಲ. ಎರಡು ಸಲ ಬ್ಯಾಟರಿಯನ್ನು ಬದಲಿಸಿದರೂ ದೂರು ಹೋಗಲಿಲ್ಲ. ಬ್ಯಾಟರಿಯ ಸಾಮರ್ಥ್ಯವು 35 ಆಂಪಿಯರ್-ಗಂಟೆ. ನಿಂತಿರುವ ಗಾಡಿಯಲ್ಲಿಯೂ ಗಡಿಯಾರ, ಕಳ್ಳಗಂಟೆ ಮೊದಲಾದವುಗಳಿಗಾಗಿ ಸ್ವಲ್ಪ ವಿದ್ಯುತ್ತು ಹರಿಯುತ್ತಿರುತ್ತದೆ. ಅದು 0.03 ಆಂಪಿಯರ್ ಇದ್ದರೆ ಬ್ಯಾಟರಿಯು ಪೂರ್ತಿ ಬರಿದಾಗಲು ಸುಮಾರು 1,166 ಗಂಟೆ, ಎಂದರೆ ನಲವತ್ತೆಂಟು ದಿನಗಳು ಬೇಕು. ಆದರೆ ಈ ಗಾಡಿಗೆ ಪೇಟೆಯಲ್ಲಿ ಹೊಸದಾಗಿ ಕೂಡಿಸಿದ ಹಾಡಿನ ಪೆಟ್ಟಿಗೆಯೊಂದು ಕೀಲಿಯನ್ನು ತೆಗೆದ ಮೇಲೆಯೂ ಮಲಗದೆ 0.5 ಆಂಪಿಯರ್ ಎಳೆಯುತ್ತಿತ್ತು. ಹಾಗಾದರೆ ಬ್ಯಾಟರಿಯು 70 ಗಂಟೆಗಳಲ್ಲಿ ಬರಿದು. ಅರ್ಧಕ್ಕಿಳಿದರೆ ಸಾಕು, ಎಂಜಿನನ್ನು ತಿರುಗಿಸುವ ಬಲವು ಬಹುಮಟ್ಟಿಗೆ ಹೋಯಿತು. ಅದಕ್ಕೆ 35 ಗಂಟೆ. ಶನಿವಾರ ಸಂಜೆ ಆರಕ್ಕೆ ನಿಲ್ಲಿಸಿದ ಗಾಡಿಯನ್ನು ಸೋಮವಾರ ಬೆಳಿಗ್ಗೆ ಏಳಕ್ಕೆ ಹೊರಡಿಸಹೋದರೆ ಎಷ್ಟು ಗಂಟೆಯಾಯಿತು? ಮೂವತ್ತೇಳು. ಇಲ್ಲಿ ಬ್ಯಾಟರಿಯು ಅಪರಾಧಿಯಲ್ಲ, ಪೆಟ್ಟು ತಿಂದ ನಿರಪರಾಧಿ. 'ಸೋಮವಾರ' ಎಂಬ ಒಂದು ಪದವನ್ನು ಮೊದಲೇ ಹೇಳಿದ್ದರೆ ಎರಡು ಬ್ಯಾಟರಿಗಳು ಉಳಿಯುತ್ತಿದ್ದವು.

ಕೆಲವು ವೇಳೆ ಗಾಡಿಯಲ್ಲಿ ದೋಷವೇ ಇರುವುದಿಲ್ಲ. ಗಾಡಿಗೂ ಅದನ್ನು ಓಡಿಸುವ ರೀತಿಗೂ ಹೊಂದಿಕೆಯಿರುವುದಿಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮಗಳ ಪ್ರಕಾರ ಹೊಸ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಒಂದು ಜಾಲರಿಯಿರುತ್ತದೆ. ಹಿಡಿದ ಮಸಿಯನ್ನು ಅದು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತಾನೇ ಸುಟ್ಟುಕೊಳ್ಳಬೇಕು. ಕೋಠಿಯಿಂದ ಆಬಿಡ್ಸ್‌ಗೆ, ಆಬಿಡ್ಸ್‌ನಿಂದ ಕಾಚಿಗುಡಾಕ್ಕೆ ತೆವಳುವ ಗಾಡಿಗೆ ಅಷ್ಟು ಶಾಖ ಹುಟ್ಟುವುದೆಲ್ಲಿ? ಜಾಲರಿಯು ಕಟ್ಟಿಕೊಂಡು ದೀಪ ಹೊತ್ತುತ್ತದೆ. ಗ್ಯಾರೇಜಿನವರು ಸ್ವಚ್ಛ ಮಾಡುವರು. ಮುಂದಿನ ತಿಂಗಳು ಮತ್ತೆ ಅದೇ ದೀಪ. ಇಂತಹ ಗಾಡಿಯನ್ನು ಆಗಾಗ ಹೊರವಲಯದ ರಿಂಗ್ ರಸ್ತೆಯಲ್ಲಿ ಒಂದೇ ವೇಗದಿಂದ ಇಪ್ಪತ್ತು ಮೂವತ್ತು ನಿಮಿಷ ಓಡಿಸಿದರೆ ಸಾಕಾಗುತ್ತದೆ. ಊರೊಳಗೇ ತಿರುಗುವವರಿಗೆ ಡೀಸೆಲ್ ಕಾರನ್ನು ಹೊಗಳಿ ಮಾರಿದವರು ಈ ಮಾತನ್ನು ಮೊದಲೇ ಹೇಳಬೇಕಾಗಿತ್ತು ಎಂಬುದು ನಮ್ಮ ಅಭಿಪ್ರಾಯ.

ಈಗ ನಾವು ಹತ್ತಿರದಿಂದ ಕಂಡ ಒಂದು ಪ್ರಸಂಗವನ್ನು ವಿವರವಾಗಿ ಹೇಳುವೆವು. ನಮ್ಮ ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಂದೆಯವರು ಯಾದಗಿರಿ ಕಡೆಯವರು. ಸಾಲದಿಂದ ಹೊಸ ಕಾರನ್ನು ಕೊಂಡು ಬಾಡಿಗೆಗೆ ಓಡಿಸುವರು. ಕೊಂಡ ನಾಲ್ಕನೆಯ ತಿಂಗಳಿಂದ ಎಂಜಿನಿನ ಶಾಖವನ್ನು ತೋರಿಸುವ ಮುಳ್ಳು ಆಗೊಮ್ಮೆ ಈಗೊಮ್ಮೆ ಮೇಲಕ್ಕೇರತೊಡಗಿತು. ಐದು ಸಲ ಗ್ಯಾರೇಜಿಗೆ ಒಯ್ದರು. ಎರಡು ಸಲ ಕಡಿಮೆಯಾಗಿದ್ದ ಕೂಲೆಂಟನ್ನು ತುಂಬಿ ಕಳುಹಿಸಿದರು. ಒಂದು ಸಲ ರೇಡಿಯೇಟರಿನ ಮುಚ್ಚಳವನ್ನೂ ಇನ್ನೊಂದು ಸಲ ಥರ್ಮೋಸ್ಟಾಟನ್ನೂ ಬದಲಿಸಿದರು. ಐದನೆಯ ಸಲ, "ಎಲ್ಲವೂ ಸರಿಯಾಗಿದೆ, ನೀವು ಎ.ಸಿ. ಹಾಕಿ ಏರು ಹತ್ತಿಸುವುದೇ ತಪ್ಪು" ಎಂದರಂತೆ. ಪಾಲಕರ ಸಭೆಗೆ ಬಂದಾಗ ಅವರು ನಮಗೆ ಹೇಳಿದ ಮಾತಿದು: "ಸರ, ಗಾಡಿ ಹೊಸದದ. ಆದ್ರ ರಸ್ತಾದಾಗ ಓಡಿದ್ದಕಿಂತ ಗ್ಯಾರೇಜಿನ್ಯಾಗ ನಿಂತದ್ದೇ ಜಾಸ್ತಿ ಆತು."

ಈ ಯಂತ್ರದ ಕ್ರಮವನ್ನು ತಿಳಿಯದೆ ಮುಂದಿನ ಕಥೆ ತಿಳಿಯದು. ಎಂಜಿನಿನಲ್ಲಿ ಉರಿಯುವ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಗಾಲಿಯನ್ನು ತಿರುಗಿಸುವ ಕೆಲಸಕ್ಕೆ ಬರುತ್ತದೆ. ಉಳಿದುದರಲ್ಲಿ ಬಹುಭಾಗವನ್ನು ಹೊಗೆಯೂ ಕೂಲೆಂಟೂ ಹೊರಗೆ ಸಾಗಿಸಬೇಕು. ಕೂಲೆಂಟೆಂದರೆ ಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಬೆರೆಸಿದ ನೀರು. ಅದು ಎಂಜಿನಿನ ಸುತ್ತ ಹರಿದು, ಕಾದು, ರೇಡಿಯೇಟರಿಗೆ ಬಂದು, ಗಾಳಿಗೆ ಆರಿ, ಮತ್ತೆ ಎಂಜಿನಿಗೆ ಹೋಗುತ್ತದೆ. ಓಡುವ ಎಂಜಿನಿನಲ್ಲಿ ಅದರ ಶಾಖವು ಸುಮಾರು 90 ಡಿಗ್ರಿ. ಬರಿಯ ನೀರು 100 ಡಿಗ್ರಿಗೆ ಕುದಿಯುವುದರಿಂದ ಅಂತರವು ಬಹಳ ಕಡಿಮೆ. ಅದಕ್ಕಾಗಿ ಈ ಮಾರ್ಗವನ್ನೆಲ್ಲ ಬಿಗಿಯಾಗಿ ಮುಚ್ಚಿ, ಒಳಗಿನ ಒತ್ತಡವು ಹೊರಗಿನ ಗಾಳಿಯ ಒತ್ತಡದ ಸುಮಾರು ಇಮ್ಮಡಿಯಾಗುವಂತೆ ಮಾಡುವರು. ಆಗ ನೀರು 120 ಡಿಗ್ರಿಯವರೆಗೆ ಕುದಿಯದು. ನಿಮ್ಮ ಮನೆಯಲ್ಲಿ ಬೇಳೆ ಬೇಯಿಸುವ ಕುಕ್ಕರಿನ ತತ್ತ್ವವೂ ಇದೇ. ಕುಕ್ಕರಿನ ರಬ್ಬರು ಸಡಿಲವಾದರೆ ಸೀಟಿ ಕೂಗದೆ ಉಗಿಯೆಲ್ಲ ಪಕ್ಕದಿಂದ ಸೋರಿಹೋಗುವುದನ್ನು ನೋಡಿದ್ದೀರಲ್ಲವೇ? ಒಲೆಯಿಂದಿಳಿಸಿ ತಣ್ಣಗಾದ ಕುಕ್ಕರನ್ನು ಅಂಗಡಿಗೆ ಒಯ್ದು ತೋರಿಸಿದರೆ ಅಂಗಡಿಯವನಿಗೆ ಏನು ಕಂಡೀತು?

ಪದೇ ಪದೇ ಬರುವ ದೋಷಗಳ ಗಂಟು ಇರುವುದು ಇಲ್ಲಿಯೇ. ದೋಷವು ಒಂದು ವಿಶಿಷ್ಟ ಸನ್ನಿವೇಶದಲ್ಲಿ ಮಾತ್ರ ತಲೆಯೆತ್ತುತ್ತದೆ. ಗ್ಯಾರೇಜಿನಲ್ಲಿ ಆ ಸನ್ನಿವೇಶವಿರುವುದಿಲ್ಲ. ಸಂಜೆ ಬಿಟ್ಟುಹೋದ ಗಾಡಿಯನ್ನು ಮಾರನೆಯ ಬೆಳಿಗ್ಗೆ ತಂಪು ಹೊತ್ತಿನಲ್ಲಿ ನೋಡುವರು. ಅಂಗಳದಲ್ಲಿ ಒಂದು ಸುತ್ತು ಹಾಕುವರು. ದೋಷ ಕಂಡುಬರಲಿಲ್ಲವೆಂದು ಬರೆಯುವರು. ಅವರು ಸುಳ್ಳು ಹೇಳಿದರೆಂದು ನಾವು ಹೇಳಲಾರೆವು. ಕೆಳಗೆ ಮಲಗಿ ಕೆಲಸ ಮಾಡುವ ಮೆಕ್ಯಾನಿಕನ ಕೈಗೆ ಬರುವುದು ಒಂದು ಜಾಬ್ ಕಾರ್ಡು, ಇಂತಿಷ್ಟೇ ಸಮಯ. ಕಾರ್ಡಿನಲ್ಲಿ ಬರೆದುದನ್ನು ಮಾತ್ರ ಅವನು ಬಲ್ಲ. ಗಾಡಿಯೊಡನೆ ದಿನವೆಲ್ಲ ಕಳೆಯುವವನು ಚಾಲಕ. ಸನ್ನಿವೇಶವನ್ನು ಹೇಳಬೇಕಾದವನೂ ಅವನೇ.

ಆದುದರಿಂದ ನಾವು ಆ ಹುಡುಗಿಗೆ ಇನ್ನೂರು ಪುಟದ ಒಂದು ನೋಟುಪುಸ್ತಕವನ್ನು ಕೊಟ್ಟು, ರಾತ್ರಿ ತಂದೆಯವರು ಮನೆಗೆ ಬಂದ ಮೇಲೆ ಕೇಳಿ ಬರೆಯಬೇಕೆಂದು ಹೇಳಿದೆವು. ದಿನಾಂಕ, ಹೊತ್ತು, ಮೀಟರು ತೋರಿಸುವ ಕಿಲೋಮೀಟರು, ಸ್ಥಳ, ಎಷ್ಟು ಹೊತ್ತಿನಿಂದ ಓಡುತ್ತಿತ್ತು, ಎ.ಸಿ. ಇತ್ತೋ ಇಲ್ಲವೋ, ಏನು ಕಂಡಿತು, ಏನು ಕೇಳಿತು, ಏನು ವಾಸನೆ ಬಂತು ಎಂಬಿವನ್ನು ಬರೆಯತಕ್ಕದ್ದು, ಊಹೆಯನ್ನು ಬರೆಯಕೂಡದು. ಐದು ವಾರಗಳಲ್ಲಿ ಆರು ದಾಖಲೆಗಳಾದವು. ಅವುಗಳಲ್ಲಿ ಒಂದು ಹೀಗಿದೆ: "ಮೇ 9. ಮಧ್ಯಾಹ್ನ 2-20. 31,480 ಕಿಲೋಮೀಟರು. ಮೆಹದಿಪಟ್ಟಣದಿಂದ ಬಂಜಾರಾ ಹಿಲ್ಸ್‌ಗೆ ಏರುವಾಗ. ನಲವತ್ತು ನಿಮಿಷದಿಂದ ಓಡುತ್ತಿತ್ತು. ಎ.ಸಿ. ಹಾಕಿತ್ತು. ಮುಳ್ಳು ಮೇಲೆ ಹೋಯಿತು. ಸಿಹಿ ವಾಸನೆ ಬಂತು." ಮಗಳು ವಾಸನೆಯ ಪ್ರಶ್ನೆಯನ್ನು ಕೇಳದಿದ್ದರೆ ತಂದೆಯವರು ಈ ಮಾತನ್ನು ಹೇಳುತ್ತಲೇ ಇರಲಿಲ್ಲ. ಐದು ಸಲ ಗ್ಯಾರೇಜಿಗೆ ಹೋದಾಗಲೂ ಅದನ್ನು ಹೇಳಿರಲಿಲ್ಲ. ವಾಸನೆಯೂ ಒಂದು ದೂರೇ ಎಂದು ಅವರಿಗನಿಸಿತ್ತು.

ಎಥಿಲೀನ್ ಗ್ಲೈಕಾಲಿನ ಉಗಿಗೆ ಸಿಹಿ ವಾಸನೆಯಿರುತ್ತದೆ. (ರುಚಿಯೂ ಸಿಹಿಯೇ, ಆದರೆ ಅದು ಘೋರ ವಿಷ. ಚೆಲ್ಲಿದ ಕೂಲೆಂಟನ್ನು ಮಕ್ಕಳೂ ನಾಯಿಗಳೂ ಮುಟ್ಟದಂತೆ ಕೂಡಲೆ ತೊಳೆಯಬೇಕು.) ಆರು ದಾಖಲೆಗಳಲ್ಲಿ ಐದು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರೊಳಗಿನವು, ಆರರಲ್ಲಿಯೂ ಗಾಡಿಯು ಅರ್ಧ ಗಂಟೆಗಿಂತ ಹೆಚ್ಚು ಓಡಿತ್ತು. ಅವರ ಬೀದಿಯ ಹಳೆಯ ಗ್ಯಾರೇಜಿನ ಉಸ್ತಾದರಿಗೆ ಹುಡುಗಿಯು ಇದನ್ನೆಲ್ಲ ಹಿಂದಿಯಲ್ಲಿ ಓದಿ ಹೇಳಿದಳು. ಉಸ್ತಾದರು ಬಾನೆಟ್ಟನ್ನು ಮುಟ್ಟಲಿಲ್ಲ. ಹೊರಗಿನವರು ಬಿಚ್ಚಿದರೆ ವಾರಂಟಿಯ ವಿಷಯದಲ್ಲಿ ಕಂಪನಿಯು ತಕರಾರು ತೆಗೆದೀತೆಂದು ಎಚ್ಚರಿಸಿ, ಎಂಜಿನು ಚೆನ್ನಾಗಿ ಕಾದ ಮೇಲೆ ಒತ್ತಡದ ಪರೀಕ್ಷೆಯನ್ನು ಮಾಡಬೇಕೆಂದು ಕಂಪನಿಯ ಗ್ಯಾರೇಜಿನವರನ್ನೇ ಕೇಳಿರೆಂದು ಹೇಳಿ ಕಳುಹಿಸಿದರು. ಆರನೆಯ ಸಲ ಹಾಗೆಯೇ ಕೇಳಿದರು, ಪುಸ್ತಕವನ್ನೂ ತೋರಿಸಿದರು. ಎ.ಸಿ. ಹಾಕಿ ಎಂಜಿನನ್ನು ಅರ್ಧ ಗಂಟೆ ಓಡಿಸಿದರು. ಆಮೇಲೆ ಕೈಪಂಪಿನಿಂದ ಒತ್ತಡ ಕೊಟ್ಟಾಗ, ರೇಡಿಯೇಟರಿನ ಅಲ್ಯೂಮಿನಿಯಂ ಭಾಗಕ್ಕೆ ಪ್ಲಾಸ್ಟಿಕ್ಕಿನ ತೊಟ್ಟಿಯು ಸೇರುವ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಬಿಸಿಯಾದಾಗ ಅದು ಬಾಯಿ ತೆರೆಯುತ್ತಿತ್ತು, ಆರಿದಾಗ ಮುಚ್ಚುತ್ತಿತ್ತು. ರೇಡಿಯೇಟರನ್ನು ವಾರಂಟಿಯಲ್ಲಿ ಉಚಿತವಾಗಿ ಬದಲಿಸಿದರು. ಇನ್ನಷ್ಟು ತಡವಾಗಿದ್ದರೆ ಅತಿ ಶಾಖಕ್ಕೆ ಎಂಜಿನಿನ ಸಿಲಿಂಡರ್ ಹೆಡ್ ಸೊಟ್ಟಗಾಗುವ ಸಂಭವವಿತ್ತು. ಆಗ, ಮುಳ್ಳು ಏರಿದ್ದನ್ನು ಕಂಡೂ ಗಾಡಿಯನ್ನು ಓಡಿಸಿದಿರಿ ಎಂಬ ಮಾತು ಚಾಲಕನ ಮೇಲೆಯೇ ಬರುತ್ತಿತ್ತು.

ಜಾಬ್ ಕಾರ್ಡಿನ ವಿಷಯವನ್ನು ಇನ್ನಷ್ಟು ಹೇಳಬೇಕು. ಗಾಡಿಯನ್ನು ಗ್ಯಾರೇಜಿಗೆ ಒಪ್ಪಿಸುವಾಗ ಸರ್ವಿಸ್ ಅಡ್ವೈಸರ್ ಎಂಬವರು ದೂರುಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು ಸಹಿಯನ್ನು ಕೇಳುವರು. ಇಂಗ್ಲಿಷು ಬಾರದ ತಂದೆಯವರು ತೋರಿಸಿದ ಜಾಗದಲ್ಲಿ ಸಹಿ ಹಾಕಿ ಬರುವರು. ನಾವು ಆ ಐದು ಕಾರ್ಡುಗಳನ್ನು ತರಿಸಿ ನೋಡಿದೆವು. ಎಂಜಿನು ಕಾಯುತ್ತದೆಯೆಂಬ ದೂರು ಎರಡರಲ್ಲಿ ಮಾತ್ರ ಇತ್ತು. ಉಳಿದ ಮೂರರಲ್ಲಿ ಸಾಮಾನ್ಯ ತಪಾಸಣೆ ಎಂದಷ್ಟೇ ಇತ್ತು. ಕಾಗದದ ಪ್ರಕಾರ ಆ ಗಾಡಿಯ ದೋಷವು ಎರಡೇ ಸಲ ಬಂದಿತ್ತು! ಮುಂದೆ ವ್ಯಾಜ್ಯವಾದರೆ ಮಾತನಾಡುವುದು ಈ ಕಾಗದವೇ ಹೊರತು ನಮ್ಮ ನೆನಪಲ್ಲ. ಆದಕಾರಣ ಮಕ್ಕಳೇ, ಸಾಧ್ಯವಿದ್ದರೆ ತಂದೆಯವರೊಡನೆ ನೀವೂ ಹೋಗಿರಿ. ಕಾರ್ಡನ್ನು ಓದಿ ಅವರಿಗೆ ಅರ್ಥ ಹೇಳಿರಿ. ದೂರನ್ನು ಹೇಳಿದಂತೆಯೇ ಬರೆಯಿರೆಂದು, ಇದು ಎಷ್ಟನೆಯ ಸಲವೆಂಬುದನ್ನೂ ಸೇರಿಸಿರೆಂದು ವಿನಯವಾಗಿ ಕೇಳಿರಿ. ಗಾಡಿಯನ್ನು ಮರಳಿ ಪಡೆಯುವಾಗ ಏನೇನು ಬದಲಿಸಿದರು, ಯಾವ ದಿನ ಒಪ್ಪಿಸಿ ಯಾವ ದಿನ ಪಡೆದೆವು ಎಂಬ ಕಾಗದವನ್ನು ತೆಗೆದಿಡಿರಿ. ಕೂಗಾಡುವುದರಿಂದ ಪ್ರಯೋಜನವಿಲ್ಲ, ಅಡ್ವೈಸರ್ ನೆನಪಿಟ್ಟುಕೊಳ್ಳುವುದು ನಿಮ್ಮ ಕೂಗನ್ನೇ ಹೊರತು ದೂರನ್ನಲ್ಲ.

ವಾರಂಟಿಯ ಪುಟವನ್ನೂ ಓದಿರಿ. ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರು, ಯಾವುದು ಮೊದಲೋ ಅದು ಎಂದು ಬರೆದಿರುತ್ತದೆ. ಮೂರು ವರ್ಷ ಅಥವಾ 1,00,000 ಕಿಲೋಮೀಟರು ಎಂದಿದ್ದರೆ, ತಿಂಗಳಿಗೆ 4,500 ಕಿಲೋಮೀಟರು ಓಡುವ ಬಾಡಿಗೆ ಗಾಡಿಯ ವಾರಂಟಿಯು ಎಷ್ಟು ತಿಂಗಳಿಗೆ ಮುಗಿಯಿತು? ಭಾಗಿಸಿ ನೋಡಿರಿ, ಎರಡು ವರ್ಷವೂ ಬಾರದು. ಬಾಡಿಗೆ ಗಾಡಿಗೆ ಷರತ್ತುಗಳೇ ಬೇರೆಯಾಗಿರುವುದೂ ಉಂಟು.

ಒಬ್ಬರ ಪುಸ್ತಕದಿಂದ ಒಂದು ಗಾಡಿ ಸರಿಹೋದೀತು. ಒಂದೇ ದೋಷವು ಸಾವಿರಾರು ಗಾಡಿಗಳಲ್ಲಿದ್ದರೆ ಎಲ್ಲರ ದಾಖಲೆಗಳನ್ನು ಕೂಡಿಸಿ ನೋಡಬೇಕಾಗುತ್ತದೆ. ಜಪಾನಿನ ತಕಾತಾ ಎಂಬ ಕಂಪನಿಯು ಗಾಳಿಚೀಲಗಳನ್ನು, ಎಂದರೆ ಅಪಘಾತವಾದಾಗ ಉಬ್ಬಿ ಪ್ರಯಾಣಿಕನನ್ನು ಕಾಯುವ ಚೀಲಗಳನ್ನು, ಅನೇಕ ಕಾರು ಕಂಪನಿಗಳಿಗೆ ಒದಗಿಸುತ್ತಿತ್ತು. ಅವನ್ನು ಉಬ್ಬಿಸಲು ಬಳಸಿದ ಅಮೋನಿಯಂ ನೈಟ್ರೇಟು ವರ್ಷಗಟ್ಟಲೆ ಬಿಸಿಲನ್ನೂ ತೇವವನ್ನೂ ಉಂಡು ಕೆಟ್ಟು, ಉಬ್ಬಬೇಕಾದಲ್ಲಿ ಸಿಡಿದು ಲೋಹದ ಚೂರುಗಳನ್ನು ಎರಚಿತು, ಜನರು ಸತ್ತರು. ಶೆಖೆ ಹೆಚ್ಚಿರುವ ಪ್ರದೇಶಗಳಲ್ಲಿಯೇ ಅಪಾಯವು ಹೆಚ್ಚೆಂಬುದು ದಾಖಲೆಗಳನ್ನು ಒಟ್ಟುಗೂಡಿಸಿದಾಗ ಸ್ಪಷ್ಟವಾಯಿತು. ಲೋಕದಾದ್ಯಂತ ಕೋಟಿಗಟ್ಟಲೆ ಗಾಡಿಗಳನ್ನು, ನಮ್ಮ ದೇಶದ್ದನ್ನೂ ಸೇರಿಸಿ, ಹಿಂದಕ್ಕೆ ಕರೆಸಿ ಆ ಭಾಗವನ್ನು ಬದಲಿಸಬೇಕಾಯಿತು. 2017ರಲ್ಲಿ ಆ ಕಂಪನಿಯು ದಿವಾಳಿಯೆದ್ದಿತು. ನಮ್ಮ ಮೋಟಾರು ವಾಹನ ಶಾಸನಕ್ಕೂ 2019ರಲ್ಲಿ ತಿದ್ದುಪಡಿಯಾಗಿ, ಸದೋಷ ಗಾಡಿಗಳನ್ನು ಹಿಂದಕ್ಕೆ ಕರೆಸಲು ತಯಾರಕರಿಗೆ ಆಜ್ಞೆ ಮಾಡುವ ಅಧಿಕಾರವು ಕೇಂದ್ರ ಸರಕಾರಕ್ಕೆ ದೊರೆತಿದೆ.

ಇನ್ನು ಗ್ರಾಹಕ ಶಾಸನ. ಮೊದಲನೆಯದು 1986ರದು. ಅದರ ಸ್ಥಾನದಲ್ಲಿ 2019ರ ಶಾಸನವು ಬಂದು 2020ರ ಜುಲೈ 20ರಿಂದ ಜಾರಿಯಲ್ಲಿದೆ. ವ್ಯಾಪಾರಕ್ಕಾಗಿ ವಸ್ತುವನ್ನು ಕೊಂಡವನು ಈ ಶಾಸನದಲ್ಲಿ ಗ್ರಾಹಕನಲ್ಲ. ಇದನ್ನು ಕೇಳಿ ಟ್ಯಾಕ್ಸಿಯವರು ಎದೆಗುಂದುವುದುಂಟು. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಕೊಂಡು ಬಳಸುವ ವಸ್ತುವನ್ನು ವ್ಯಾಪಾರದ ಲೆಕ್ಕಕ್ಕೆ ಹಿಡಿಯಬಾರದೆಂದು ಶಾಸನವೇ ವಿವರಿಸಿದೆ. ಒಂದು ಕಾರನ್ನು ಕೊಂಡು ತಾನೇ ಓಡಿಸಿ ಮನೆ ನಡೆಸುವವನು ಗ್ರಾಹಕನೇ. ಬೆಲೆಯು 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ತಾನು ವಾಸಿಸುವ ಅಥವಾ ದುಡಿಯುವ ಊರಿನಲ್ಲಿಯೇ ಕೊಡಬಹುದು. ಕಾರನ್ನು ಯಾದಗಿರಿಯಲ್ಲಿ ಕೊಂಡಿದ್ದರೂ ಹೈದರಾಬಾದಿನಲ್ಲಿ ಕೊಡಬಹುದೆಂದಾಯಿತು. 5 ಲಕ್ಷದವರೆಗಿನ ಬೆಲೆಗೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ವಕೀಲರಿಲ್ಲದೆಯೂ ವಾದಿಸಬಹುದು. ಅಷ್ಟು ದೂರ ಹೋಗುವ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಿದರೆ ಅವರು ಕಂಪನಿಯೊಡನೆ ಮಾತನಾಡುವರು.

ಆಯೋಗದ ಮುಂದೆ ದೋಷವನ್ನು ಸಿದ್ಧಪಡಿಸುವ ಭಾರವು ದೂರುದಾರನದು. ಸುಪ್ರೀಮ್ ಕೋರ್ಟಿನ ಎರಡು ತೀರ್ಪುಗಳನ್ನು ಇಲ್ಲಿ ಹೇಳುವುದು ಯುಕ್ತ. 2006ರಲ್ಲಿ ಮಾರುತಿ ಉದ್ಯೋಗ್ ಕಂಪನಿಯ ಕಾರಿನ ಕ್ಲಚ್ಚಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ವಾರಂಟಿಯ ಷರತ್ತು ಸದೋಷ ಭಾಗವನ್ನು ಬದಲಿಸುವ ಬಗೆಗೆ ಇರುವುದರಿಂದ ಇಡೀ ಕಾರನ್ನೇ ಬದಲಿಸಿಕೊಡಬೇಕೆಂಬ ಆಜ್ಞೆಯು ಸಲ್ಲದೆಂದು ನ್ಯಾಯಾಲಯವು ತೀರ್ಮಾನಿಸಿತು. 2010ರಲ್ಲಿ ಫಿಯಟ್ ಇಂಡಿಯಾ ಕಂಪನಿಯ ಕಾರಿನ ಮೊಕದ್ದಮೆಯಲ್ಲಿ, ಸ್ವತಂತ್ರ ತಜ್ಞರಿಂದ ಗಾಡಿಯನ್ನು ಪರೀಕ್ಷೆ ಮಾಡಿಸಬೇಕು, ತಯಾರಿಕೆಯಲ್ಲಿಯೇ ದೋಷವಿದೆಯೆಂದು ಅವರು ಹೇಳಿದರೆ ಬೆಲೆಯನ್ನು ಬಡ್ಡಿಯೊಡನೆ ಹಿಂದಿರುಗಿಸಬೇಕು ಎಂದಿತು. ಬರಿಯ ಬೇಸರವನ್ನು ಹೇಳಿಕೊಂಡವನಿಗೆ ಹೊಸ ಗಾಡಿ ಸಿಗುವುದಿಲ್ಲವೆಂಬುದು ಇವೆರಡರಿಂದ ತಿಳಿಯುತ್ತದೆ. ತಜ್ಞನು ನೋಡಬೇಕಾದುದು ಯಾವುದೆಂದು ಜಾಬ್ ಕಾರ್ಡುಗಳೂ ನೋಟುಪುಸ್ತಕವೂ ತೋರಿಸಬೇಕು. ದೂರಿಗೆ ಕಾರಣವುಂಟಾದ ದಿನದಿಂದ ಎರಡು ವರ್ಷಗಳೊಳಗೆ ಅರ್ಜಿ ಕೊಡಬೇಕೆಂಬ ಅವಧಿಯೂ ಉಂಟು. ಮುಂದಿನ ವಾರ ಬನ್ನಿರೆಂಬ ಮಾತಿನಲ್ಲಿಯೇ ಎಷ್ಟೋ ಜನರ ಅವಧಿಯು ಕಳೆದುಹೋಗುತ್ತದೆ.

ಮೇಲೆ ಹೇಳಿದ ತಂದೆಯವರು ಇನ್ನೂ ಆಯೋಗಕ್ಕೆ ಹೋಗಿಲ್ಲ. ಗಾಡಿಯೀಗ ಓಡುತ್ತಿದೆ, ದಿನ ಕಳೆದರೆ ದುಡಿಮೆ ಕಳೆಯುತ್ತದೆ ಎನ್ನುತ್ತಾರೆ. ಆರು ಸಲದ ಭೇಟಿಯಲ್ಲಿ ಗಾಡಿಯು ಗ್ಯಾರೇಜಿನಲ್ಲಿ ಕಳೆದದ್ದು ಹತ್ತೊಂಬತ್ತು ದಿನಗಳು. ಅದರಿಂದ ಎರಡು ಕಂತುಗಳು ತಡವಾಗಿ ದಂಡ ಬಿದ್ದಿದೆ. ರೇಡಿಯೇಟರನ್ನು ಉಚಿತವಾಗಿ ಕೊಟ್ಟವರು ಈ ಹತ್ತೊಂಬತ್ತು ದಿನಗಳ ವಿಷಯವನ್ನು ಎತ್ತಲಿಲ್ಲ. ಹುಡುಗಿಯು ಪುಸ್ತಕದ ಕೊನೆಯ ಪುಟದಲ್ಲಿ ಆ ದಿನಗಳನ್ನೂ ದಂಡದ ಮೊತ್ತವನ್ನೂ ಸಾಲಾಗಿ ಬರೆದು ಕೂಡಿಸಿಟ್ಟಿದ್ದಾಳೆ. ಮೊದಲನೆಯ ಭೇಟಿಯಿಂದ ಎಣಿಸಿದರೂ ಅವಧಿ ಮುಗಿಯಲು ಇನ್ನೂ ಹದಿನಾಲ್ಕು ತಿಂಗಳುಗಳಿವೆ.